ಕಾಲಿನಲ್ಲಿ ನೆನಪಿಟ್ಟ ಚನ್ನಬಸಯ್ಯ

ಮಠಪತಿ ಚನ್ನಬಸಯ್ಯನವರಿಗೆ ತಮ್ಮ ಚಷ್ಮಾ ಎಲ್ಲಿದೆ ಎಂಬುದು ಒಂದು ದಿನವಾದರೂ ನೆನಪಿದ್ದದ್ದನ್ನು ನಾನು ಕಾಣೆ. ಹಣೆಯ ಮೇಲೆ ಏರಿಸಿಕೊಂಡೇ ಮನೆ ತುಂಬ ಹುಡುಕುವರು. ಉಪ್ಪು ತರಲು ಹೋಗಿ ಕಡ್ಡಿಪೆಟ್ಟಿಗೆ ತಂದು, ಅದನ್ನು ಬದಲಿಸಲು ಮತ್ತೆ ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಹರಟೆಗೆ ಕೂತು ಸಂಜೆಗೆ ಬರಿಗೈಯಲ್ಲಿ ಬರುವರು. ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಕರೆಯಬೇಕಾದರೆ ಮೊದಲು ಇನ್ನೊಬ್ಬನ ಹೆಸರು, ಆಮೇಲೆ ಎತ್ತಿನ ಹೆಸರು, ಕೊನೆಗೆ ಸರಿಯಾದ ಹೆಸರು ಬಾಯಿಗೆ ಬರುತ್ತಿತ್ತು. ಅವರ ಮನೆಯಾಕೆ ನೀಲಮ್ಮನವರು ಹಣೆ ಹಣೆ ಬಡಿದುಕೊಂಡು, "ಇವರ ತಲಿಯೊಳಗ ಊರ ಮಂದಿಯೆಲ್ಲಾ ಬಂದು ಕುಂತಾರ್ರಿ, ನಮಗ ಜಾಗಾ ಎಲ್ಲಿ ಉಳದೈತಿ?" ಎನ್ನುತ್ತಿದ್ದರು.

ಆ ಮಾತು ಸುಳ್ಳಾಗಿರಲಿಲ್ಲ. ನಾನು ೧೯೯೬ರಲ್ಲಿ ಹೊಳೆಚಿಂಚಲಿಯ ಸಾಲೆಗೆ ಶಿಕ್ಷಕಿಯಾಗಿ ಬಂದೆ. ನಮ್ಮ ಮನೆ ಬಸವನ ಬಾಗೇವಾಡಿಯಲ್ಲಿ. ಅಲ್ಲಿಂದ ನಿಡಗುಂದಿಗೆ ಬಸ್ಸು, ನಿಡಗುಂದಿಯಿಂದ ಊರಿಗೆ ಟೆಂಪೋ, ಟೆಂಪೋ ಸಿಗದಿದ್ದರೆ ನಡಿಗೆ. ನಾನು ಚೀಟಿ ಬರೆಯುವ ಜಾತಿಯವಳು. ತರಬೇಕಾದ್ದು, ಕೊಡಬೇಕಾದ್ದು, ಹೇಳಬೇಕಾದ್ದು ಎಲ್ಲವನ್ನೂ ಚೀಟಿಯಲ್ಲಿ ಬರೆದಿಟ್ಟು, ಆ ಚೀಟಿ ಎಲ್ಲಿಟ್ಟೆ ಎಂದು ಹುಡುಕುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಂಥವಳಿಗೆ ಒಂದು ಅಕ್ಷರವನ್ನೂ ಬರೆದುಕೊಳ್ಳದೆ ಇಡೀ ಊರನ್ನು ನೆನಪಿನಲ್ಲಿಟ್ಟಿದ್ದ ಈ ಮನುಷ್ಯನನ್ನು ಕಂಡರೆ ಮೊದಮೊದಲು ಹೊಟ್ಟೆಕಿಚ್ಚೇ ಆಗುತ್ತಿತ್ತು.

ಅವರ ಕೆಲಸ ಊರಿಗೆ ಹೇಳಿಕೆ ಹೇಳುವುದು. ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಹಿಂದಿನ ದಿನ ಮಠಪತಿಯವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಬರಿಗಾಲಲ್ಲಿ ಹೊರಡಬೇಕು. ಒಂದೊಂದು ಬಾಗಿಲ ಮುಂದೂ ನಿಂತು ಆ ಮನೆಯ ಅಡ್ಡಹೆಸರು ಹಿಡಿದು ಕೂಗಬೇಕು. "ಅಂಗಡಿಯವರ ಮನಿಯವರೂ! ನಾಳೆ ಇಂಥವರ ಮನಿಯಾಗ ಮದುವಿ ಐತಿ. ಮನಿಮಂದಿಯೆಲ್ಲಾ ಅಕ್ಕಿಕಾಳಿಗೆ, ಊಟಕ್ಕ ಬರಬೇಕ್ರೀ!" ಒಳಗಿನಿಂದ ಯಾರಾದರೂ "ಹೂಂನ್ರಿ ಅಯ್ಯಾರ" ಎಂದು ಬಂದು ಜೋಳಿಗೆಗೆ ಒಂದು ಬೊಗಸೆ ಜೋಳ ಹಾಕಿದರೆ ಆ ಮನೆಗೆ ಹೇಳಿಕೆ ಮುಟ್ಟಿದಂತೆ. ಮದುಮಗಳ ತಂದೆಯೇ ಬಂದು ಕೈಮುಗಿದು ಕರೆದರೂ ಮಠಪತಿಯ ಹೇಳಿಕೆ ಬಾರದ ಮನೆ ಊಟಕ್ಕೆ ಬರುವುದಿಲ್ಲ. ಕರೆದದ್ದು ನೆಂಟಸ್ತಿಕೆ, ಹೇಳಿಕೆ ಮರ್ಯಾದೆ. ಎರಡೂ ಬೇರೆ ಬೇರೆ. ಊಟದ ದಿನ ಮೊದಲ ಪಂಕ್ತಿ ಕೂಡುವ ಮುಂಚೆ ಯಜಮಾನ ಎಲ್ಲರೆದುರು "ಎಲ್ಲಾ ಮನಿ ಬಂದಾವೇನ್ರಿ ಅಯ್ಯಾರ?" ಎಂದು ಕೇಳಬೇಕು. ಅಯ್ಯನವರು ಕೂತ ಮಂದಿಯ ಮೇಲೆ ಒಮ್ಮೆ ಕಣ್ಣಾಡಿಸಿ "ಬಂದಾವ್ರಿ" ಅನ್ನಬೇಕು. ಅಲ್ಲಿಯವರೆಗೆ ಒಂದು ಅಗುಳು ಎಲೆಗೆ ಬೀಳುವಂತಿಲ್ಲ.

ಹಳೆಯ ಊರಿನಲ್ಲಿ ನೂರಾ ನಲವತ್ತೆರಡು ಮನೆಗಳು. ನಾನು ಬಂದ ವರ್ಷ ಒಮ್ಮೆ ಅವರನ್ನು ಪರೀಕ್ಷಿಸಲು ಹೋಗಿ, "ಅಯ್ಯಾರ, ಹೂಗಾರರ ಮನಿ ಆದಮ್ಯಾಗ ಯಾರ ಮನಿ ಬರ್ತದ್ರಿ?" ಎಂದು ಕೇಳಿದೆ. ಅವರು ಕಣ್ಣು ಪಿಳಿಪಿಳಿ ಬಿಟ್ಟರು. ಊರಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಅಷ್ಟೂ ಬಾರದೇ ಎಂದು ನಾನು ಒಳಗೊಳಗೇ ಹಿಗ್ಗುವಷ್ಟರಲ್ಲಿ, "ತಡೀರಿ ಅಕ್ಕಾರ" ಎಂದವರೇ ಎದ್ದು ಅಂಗಳದಲ್ಲಿ ನಡೆಯತೊಡಗಿದರು. ಊರ ಹೆಬ್ಬಾಗಿಲಾದ ಅಗಸಿಯಿಂದ ಶುರು. ಎಡಕ್ಕೆ ತಿರುಗಿದರು, ಕಾಣದ ಯಾವುದೋ ಕಟ್ಟೆಯನ್ನು ಸುತ್ತು ಹಾಕಿದರು, ಒಂದು ಕಡೆ ತಲೆ ತಗ್ಗಿಸಿದರು, ಬಾಯಲ್ಲಿ ಮನೆಗಳ ಹೆಸರು ಸರಸರ ಬಂದವು. ಹೂಗಾರರ ಮನೆ ದಾಟಿದ ಕೂಡಲೇ "ಕಂಬಾರರು!" ಎಂದು ನಿಂತರು. ನಮ್ಮ ಸಾಲೆಯ ಮಕ್ಕಳು ಏಳೆಂಟಲ ಎಷ್ಟು ಎಂದರೆ ಏಳೊಂದಲ ಏಳರಿಂದ ಶುರು ಮಾಡುತ್ತಾರಲ್ಲ, ಹಾಗೆ. ಅವರ ನೆನಪು ತಲೆಯಲ್ಲಿ ಇರಲಿಲ್ಲ, ಕಾಲಿನಲ್ಲಿತ್ತು. ಕೂತರೆ ಏನೂ ಬರದು, ನಡೆದರೆ ಊರೇ ಬರುತ್ತಿತ್ತು. ಹತ್ತನೆಯ ವಯಸ್ಸಿನಿಂದ ತಂದೆಯ ಹಿಂದೆ ನಡೆನಡೆದು ಕಲಿತ ವಿದ್ಯೆ ಅದು.

ಹೀಗಿರುವಾಗ ಆಲಮಟ್ಟಿಯ ಹಿನ್ನೀರು ಊರ ಹತ್ತಿರ ಬಂತು. ೧೯೯೮ರಲ್ಲಿ ಊರನ್ನೆಲ್ಲ ಎತ್ತಿ ನಾಲ್ಕು ಕಿಲೋಮೀಟರ್ ಮೇಲಿನ ಬಯಲಿಗೆ ತಂದರು. ಕಷ್ಟ ಬೇಕಾದಷ್ಟಿತ್ತು, ಅತ್ತದ್ದೂ ಆಯಿತು. ಅದನ್ನು ಹೇಳುವವರು ಬೇರೆ ಇದ್ದಾರೆ. ನಾನು ಹೇಳುವುದು ಚನ್ನಬಸಯ್ಯನವರ ಪಾಡು. ಹೊಸ ಊರಿನಲ್ಲಿ ರಸ್ತೆಗಳೆಲ್ಲ ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ ನೇರ. ಮನೆಗಳಿಗೆ ನಂಬರು. ಯಾರಿಗೆ ಯಾವ ಜಾಗ ಎಂಬುದನ್ನು ಚೀಟಿ ಎತ್ತಿ ಹಂಚಿದ್ದರು. ಹೂಗಾರರು ಒಂದು ಮೂಲೆಗೆ, ಕಂಬಾರರು ಇನ್ನೊಂದು ಮೂಲೆಗೆ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಮೂರು ಮನೆಯಾದರು. ಕೆಲವು ಮನೆಯವರು ಊರೇ ಬಿಟ್ಟರು. ಗೌಡರ ಮನೆಯವರು ಮುದ್ದೇಬಿಹಾಳಕ್ಕೆ ಹೋಗಿ ನೆಲೆಸಿದರು. ಆ ಗೌಡರ ಮನೆಯ ಹಿತ್ತಿಲಲ್ಲಿ ಒಂದು ಖೋಲಿಯಲ್ಲಿದ್ದುಕೊಂಡು ನಲವತ್ತು ವರ್ಷ ಅವರಿಗೆ ರೊಟ್ಟಿ ಬಡಿದ ಗುರವ್ವ ಎಂಬ ವಿಧವೆಗೂ, ಒಲೆ ಬೇರೆ ಇತ್ತೆಂದು, ಅರವತ್ತೊಂಬತ್ತನೆಯ ನಂಬರಿನ ಒಂದು ಜಾಗ ಸಿಕ್ಕಿತು. ಒಂದೇ ಖೋಲಿಯ ತಗಡಿನ ಮನೆ. ಗುರವ್ವ ಅದರ ನೆಲವನ್ನು ದಿನಕ್ಕೆ ಎರಡು ಸಲ ಸಾರಿಸುತ್ತಿದ್ದಳು. ಮನೆಗಳ ಸಂಖ್ಯೆ ನೂರಾ ಎಂಬತ್ತಾರಕ್ಕೆ ಏರಿತ್ತು.

ಹೊಸ ಊರಿನ ಮೊದಲ ಮದುವೆಗೆ ಹೇಳಿಕೆ ಹೇಳಲು ಹೊರಟ ಚನ್ನಬಸಯ್ಯನವರು ಮಧ್ಯಾಹ್ನದ ಹೊತ್ತಿಗೆ ದಾರಿ ತಪ್ಪಿದ ಎಮ್ಮೆಯಂತಾಗಿದ್ದರು. ಮೂರು ಮನೆಗೆ ಎರಡೆರಡು ಸಲ ಹೇಳಿದರು. ಸಾಲೆಯ ಬಾಗಿಲಿಗೂ ಬಂದು ನಮ್ಮ ಮಕ್ಕಳಿಗೆ "ಪತ್ತಾರರ ಮನಿಯವರೂ" ಎಂದು ಕೂಗಿದರು. ಮಕ್ಕಳು ಒಕ್ಕೊರಲಿನಿಂದ "ಬರ್ತೇವ್ರೀ" ಎಂದವು. ಹನ್ನೊಂದು ಮನೆ ಬಿಟ್ಟೇ ಹೋದವು. ಆ ಹನ್ನೊಂದು ಮನೆಯವರೂ ಮದುವೆಗೆ ಬರಲಿಲ್ಲ. ಹುಗ್ಗಿ ಉಳಿಯಿತು, ಮಾತು ಬೆಳೆಯಿತು. ಅಂದಿನಿಂದ ಅಯ್ಯನವರು ಕಟ್ಟೆಗೆ ಬಂದು ಕೂಡುವುದನ್ನೇ ಬಿಟ್ಟರು.

ಮುಂದಿನ ಫಾಲ್ಗುಣದಲ್ಲಿ ಊರಿನ ದೊಡ್ಡ ಕುಳ ಗುರಲಿಂಗಪ್ಪನವರ ಮಗಳು ಭುವನೇಶ್ವರಿಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಇಂಡಿ ತಾಲೂಕಿನ ಝಳಕಿಯವರು. ಗುರಲಿಂಗಪ್ಪನವರ ಮಗ ಅನೀಲಕುಮಾರ ಬಿಜಾಪುರದಲ್ಲಿ ಡಿಗ್ರಿ ಮುಗಿಸಿ ಬಂದವನು, ಕೆಟ್ಟವನಲ್ಲ, ಆದರೆ ಗಡಿಬಿಡಿಯವನು. "ಅಪ್ಪಾ, ಈ ಅಯ್ಯಾರನ್ನ ಯಾಕ ತ್ರಾಸ ಮಾಡ್ತಿ? ಟೆಂಪೋಕ್ಕ ಮೈಕ್ ಕಟ್ಟಿ ಊರ ತುಂಬ ಒಂದು ಸುತ್ತು ಹೊಡಸ್ತೇನಿ. ಅರ್ಧಾ ತಾಸಿನಾಗ ಎಲ್ಲಾ ಮನಿಗೂ ಮುಟ್ಟತೈತಿ" ಎಂದ.

ಗುರಲಿಂಗಪ್ಪನವರು ಒಂದು ಗಳಿಗೆ ಮೀಸೆ ತಿರುವಿದರು. ಆಮೇಲೆ ಚನ್ನಬಸಯ್ಯನವರನ್ನು ಕರೆಸಿ, ನಾಲ್ಕು ಜನ ಹಿರಿಯರ ಮುಂದೆ ಹೇಳಿದರು: "ಅಯ್ಯಾರ, ನಮ್ಮ ಮನಿ ಹೇಳಿಕಿ ನಿಮ್ಮ ಬಾಯಿಂದನ ಆಗಲಿ ಅಂತ ನನಗೂ ಆಸೆ ಐತ್ರಿ. ಆದರ ಒಂದು ಮನಿ ಬಿಟ್ಟರೂ, ಮುಂದ ಈ ಊರಿಗೆ ಮೈಕ್ ಖಾಯಂ. ನೀವು ಜೋಳಿಗಿ ಮ್ಯಾಲ ಇಡಬೇಕು."

ಚನ್ನಬಸಯ್ಯನವರು "ಹೂಂ" ಅಂದರು. ನೇರ ನಮ್ಮ ಸಾಲೆಗೆ ಬಂದು, ಮಕ್ಕಳೆದುರಿಗೇ ಬೆಂಚಿನ ಮೇಲೆ ಕುಸಿದರು. "ಅಕ್ಕಾರ, ನಮ್ಮಪ್ಪ, ಅವರಪ್ಪ, ಎಲ್ಲಾರೂ ಈ ಜೋಳಿಗಿ ಹೊತ್ತಾರ್ರಿ. ನನ್ನ ಕೈಯಾಗ ಇದು ಮುಗೀಬಾರದು" ಎಂದರು. ಆ ದನಿ ಕೇಳಿ ನನ್ನ ಹಳೆಯ ಹೊಟ್ಟೆಕಿಚ್ಚೆಲ್ಲ ಎಲ್ಲಿಗೆ ಹೋಯಿತೋ. ಕಣ್ಣು ತುಂಬಿ ಬಂತು, ಅದಕ್ಕೇ ಸಿಟ್ಟೂ ಬಂತು. "ಏಳ್ರಿ ಅಯ್ಯಾರ, ಕಲಿಸ್ತೇನಿ" ಎಂದೆ. ಮಾಸ್ತರಿಕೆ ಮಾಡುವವರಿಗೆ ಬೇರೆ ಯಾವ ಮಾತೂ ಹೊಳೆಯುವುದಿಲ್ಲ.

ನನ್ನ ವಿದ್ಯೆ ಚೀಟಿಯ ವಿದ್ಯೆ. ಮನೆಮನೆಗೆ ಹೋಗಿ ನಂಬರು, ಹೆಸರು ಬರೆದು ಒಂದು ಉದ್ದ ಪಟ್ಟಿ ಮಾಡಿಕೊಟ್ಟೆ. ಅಯ್ಯನವರಿಗೆ ಓದಲು ಬರುತ್ತಿತ್ತು. ಆದರೆ ಕಾಗದ ಕೈಗೆ ಬಂದದ್ದೇ ಕಾಲು ನಿಂತುಬಿಡುತ್ತಿತ್ತು. "ನಲವತ್ತೇಳು ಅಂದ್ರ ನನಗೇನೂ ಕಾಣಂಗಿಲ್ರಿ" ಎಂದರು. ಎರಡು ದಿನಕ್ಕೆ ಪಟ್ಟಿ ಬಿಸಾಕಿ, ಸಂಜೆಸಂಜೆ ಇಬ್ಬರೂ ನಡೆಯುವುದಕ್ಕೆ ಶುರು ಮಾಡಿದೆವು. ಒಂದು ತಿಂಗಳು ನಡೆದೆವು. ಅವರು ಕಂಡುಕೊಂಡ ಉಪಾಯ ವಿಚಿತ್ರದ್ದು. ಒಂದೊಂದು ಹೊಸ ಬಾಗಿಲಿಗೂ ಹಳೆಯ ಬಾಗಿಲನ್ನು ತಂದು ಜೋಡಿಸುತ್ತಿದ್ದರು. ಕಂಬಾರರ ಹೊಸ ಮನೆಯ ಮುಂದೆ ಹುಣಸೆಮರ ಇಲ್ಲದಿದ್ದರೂ ಅದರ ನೆರಳಿಗೆಂದು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುವರು. ಪಿಂಜಾರ ಜೈನುದ್ದೀನರ ಮನೆಗೆ ಹಳೆಯ ಊರಿನಲ್ಲಿ ಮೂರು ಮೆಟ್ಟಿಲಿದ್ದವು. ಹೊಸ ಮನೆಯ ಸಪಾಟು ನೆಲದ ಮೇಲೂ ಅಯ್ಯನವರು ಕಾಲೆತ್ತಿ ಎತ್ತಿ ಮೂರು ಮೆಟ್ಟಿಲು ಹತ್ತುವರು. ಜೈನುದ್ದೀನರು ಬಾಗಿಲಲ್ಲಿ ಕೂತು "ಹುಷಾರ್ರಿ ಅಯ್ಯಾರ, ಮೂರನೇ ಮೆಟ್ಲು ಸಡ್ಲ ಆಗೈತಿ" ಎಂದು ಚೇಷ್ಟೆ ಮಾಡುವರು. ನೋಡಿದವರು ನಕ್ಕರು. ನಗಲಿ ಎಂದೆವು. ತಿಂಗಳ ಕೊನೆಗೆ ನೂರಾ ಎಂಬತ್ತಾರೂ ಮನೆ ಅವರ ಕಾಲಿಗೆ ಬಂದಿದ್ದವು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ಹೊರಟವರು ಸಂಜೆ ನಾಲ್ಕಕ್ಕೆ ಸಾಲೆಗೆ ಬಂದು ಜೋಳಿಗೆ ಇಳಿಸಿದರು. "ಒಂದೂ ಬಿಟ್ಟಿಲ್ರಿ ಅಕ್ಕಾರ!" ಎಂದು ಚಿಕ್ಕ ಹುಡುಗನ ಹಾಗೆ ಕುಣಿದರು. ನಾನೂ ಸ್ವಲ್ಪ ಕುಣಿದೆನೆಂದು ಕಾಣುತ್ತದೆ. ಮಕ್ಕಳು ಈಗಲೂ ಹಾಗೆ ಹೇಳುತ್ತಾರೆ. ನನಗೆ ಅಷ್ಟು ನೆನಪಿಲ್ಲ.

ಮರುದಿನ ಹನ್ನೊಂದೂವರೆಗೆ ಅಕ್ಕಿಕಾಳು ಬಿದ್ದವು. ಬಿಸಿಲು ಸುಡುತ್ತಿತ್ತು. ಚಪ್ಪರದ ಕೆಳಗೆ ಮೊದಲ ಪಂಕ್ತಿಯ ಎಲೆ ಹಾಕಿದರು. ಝಳಕಿಯ ಬೀಗರು ನಸುಕಿನಲ್ಲಿ ಚಹಾ ಕುಡಿದು ಟ್ರಕ್ಕು ಹತ್ತಿದವರು, ಹುಗ್ಗಿಯ ಕೊಪ್ಪರಿಗೆಯನ್ನೇ ನೋಡುತ್ತ ಕೂತಿದ್ದರು. ಗುರಲಿಂಗಪ್ಪನವರು ರುಮಾಲು ಸರಿಮಾಡಿಕೊಂಡು ಕೇಳಿದರು: "ಎಲ್ಲಾ ಮನಿ ಬಂದಾವೇನ್ರಿ ಅಯ್ಯಾರ?"

ಚನ್ನಬಸಯ್ಯನವರು ನಗುತ್ತ ಕಣ್ಣಾಡಿಸಿದರು. ಅವರ ಕಾಲ ಹೆಬ್ಬೆರಳು ನೆಲದ ಮೇಲೆ ಒಂದೊಂದೇ ಮನೆಯನ್ನು ಮೆಟ್ಟುತ್ತಿತ್ತು. ನಡುವೆ ಒಂದು ಕಡೆ ಬೆರಳು ನಿಂತಿತು. ನಗು ಹೋಯಿತು.

"ಅರವತ್ತೊಂಬತ್ತು," ಎಂದು ನಾನೇ ಪಿಸುಗುಟ್ಟಿದೆ. ಗುರವ್ವ ಬಂದಿರಲಿಲ್ಲ.

ನಾಲ್ಕೈದು ಜನ ಅವಳ ಮನೆಗೆ ಹೋದೆವು. ಗುರಲಿಂಗಪ್ಪ, ಅನೀಲ, ಅಯ್ಯನವರು, ಜೈನುದ್ದೀನರು, ನಾನು. ಗುರವ್ವ ಇಳಕಲ್ ಸೀರೆ ಉಟ್ಟು, ಕುಂಕುಮವಿಲ್ಲದ ಹಣೆಗೆ ವಿಭೂತಿ ಹಚ್ಚಿ, ಹೊಸ್ತಿಲ ಒಳಗೆ ಕಾಲು ಚಾಚಿ ಕೂತಿದ್ದಳು. ಬರುವ ತಯಾರಿಯೆಲ್ಲ ಆಗಿತ್ತು, ಬಂದಿರಲಿಲ್ಲ ಅಷ್ಟೇ.

"ಯಾಕ ಗುರವ್ವ, ಊಟಕ್ಕ ಬರಲಿಲ್ಲ?" ಎಂದರು ಗುರಲಿಂಗಪ್ಪನವರು.

"ನನ್ನ ಮನಿಗೆ ಹೇಳಿಕಿ ಬಂದಿಲ್ರಿ."

ಚನ್ನಬಸಯ್ಯನವರು ಗಾಬರಿಯಾದರು. "ಅಯ್ಯ ಶಿವನ! ನಿನ್ನೆ ಹತ್ತು ಗಂಟೇಕ ಬಂದಿದ್ನಲ್ಲಬೇ! ಇದ ಬಾಗಿಲಾಗ ನಿಂತು ಒದರಿದ್ನಿ. ನೀ ಒಳಗ ಇದ್ದಿ, ಬಳಿ ಸಪ್ಪಳ ಕೇಳಿತ್ತು!"

"ಬಂದಿದ್ದಿ. ಏನಂತ ಒದರಿದಿ?"

"ಏನಂತ ಅಂದ್ರ... ಗೌಡರ ಮನಿಯವರೂ..." ಎನ್ನುತ್ತ ಅಯ್ಯನವರು ಅರ್ಧಕ್ಕೇ ನಿಂತರು.

"ಗೌಡರು ಮುದ್ದೇಬಿಹಾಳದಾಗ ಅದಾರ. ಅಲ್ಲಿಗೆ ಹೋಗಿ ಹೇಳು," ಎಂದಳು ಗುರವ್ವ. "ಇದು ಗೌಡರ ಮನಿ ಏನು? ಈ ನೆಲಾ ಯಾರು ಸಾರಸ್ತಾರ? ನಾನು. ಈ ಒಲಿ ಯಾರದು? ನಂದು. ನಲವತ್ತು ವರ್ಷ ಅವರ ಹಿತ್ತಲದಾಗ ಕುಂತು ಅವರ ಹೇಳಿಕಿ ಮ್ಯಾಲ ಉಂಡೇನಿ. ಈಗ ನನಗ ಮನಿ ಆಗೇತಿ. ನನ್ನ ಮನಿಗೆ ಹೇಳಿಕಿ ಬಂದ್ರ ಬರ್ತೇನಿ, ಇಲ್ಲಾಂದ್ರ ಗಂಜಿ ಕಾಸಿಟ್ಟೇನಿ."

ನನಗೆ ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾನು ಬರೆದ ಪಟ್ಟಿಯಲ್ಲೂ ಅರವತ್ತೊಂಬತ್ತರ ಎದುರಿಗೆ ಇದ್ದದ್ದು "ಗೌಡರ ಮನೆ ಗುರವ್ವ" ಎಂದೇ. ಆ ಮನೆಯಲ್ಲಿ ಗೌಡರು ಇಲ್ಲವೆಂಬುದು ಬರೆಯುವಾಗ ನನಗೆ ಹೊಳೆದಿರಲಿಲ್ಲ, ಕೂಗುವಾಗ ಅವರಿಗೂ ಹೊಳೆದಿರಲಿಲ್ಲ. ಅವಳ ಬಾಗಿಲು ಅಯ್ಯನವರ ಕಾಲಿಗೆ ಗೌಡರ ಹಿತ್ತಿಲ ಬಾಗಿಲಾಗಿಯೇ ಉಳಿದಿತ್ತು.

ಅನೀಲನಿಗೆ ಬೀಗರ ಹಸಿವಿನ ಚಿಂತೆ. "ಆತಲ್ಲ, ಈಗ ಹೇಳ್ರಿ ಅಯ್ಯಾರ. ಗುರವ್ವನ ಮನಿಯವರೂ ಅಂತ ಒಂದ್ಸಲ ಒದರ್ರಿ, ಮುಗೀತು."

"ಗುರವ್ವ ನನ್ನ ಹೆಸರಪ್ಪಾ," ಎಂದಳು ಅವಳು. "ನಿಮ್ಮ ಮನಿ ಮುಂದ ನಿಂತು ಗುರಲಿಂಗಪ್ಪನ ಮನಿಯವರೂ ಅಂತ ಒದರ್ತಾರೇನು? ಎಲ್ಲಾ ಮನಿಗೂ ಅಡ್ಡಹೆಸರು ಐತಿ. ನನ್ನ ಗಂಡನ ಮನಿಗೂ ಇತ್ತು."

"ಏನಬೇ ಅದು? ಹೇಳು, ಅದನ್ನ ಒದರ್ತಾರ," ಎಂದ ಅನೀಲ.

ಗುರವ್ವ ಚನ್ನಬಸಯ್ಯನವರ ಮುಖವನ್ನೇ ನೋಡಿದಳು. "ಊರಿಗೆಲ್ಲಾ ನೆನಪಿನ ಮನಷ್ಯಾ ಅಂವಾ. ಅಂವಾನ ನೆನಪ ಮಾಡಿಕೊಂಡು ಬರಲಿ," ಎಂದು ಬಾಗಿಲನ್ನು ಮುಕ್ಕಾಲು ಮುಚ್ಚಿದಳು.

ಹೆಂಗಸಿನ ಹಟ ಎಂದರು ಗುರಲಿಂಗಪ್ಪನವರು. ಆ ಹೊತ್ತಿಗೆ ನನಗೂ ಹಾಗೇ ಅನಿಸಿತು.

ಚಪ್ಪರಕ್ಕೆ ಬಂದು ಹಿರಿಯರನ್ನೆಲ್ಲ ಕೇಳಿದ್ದಾಯಿತು. ಅವಳ ಗಂಡ ಮಡಿವಾಳಪ್ಪ, ಅಷ್ಟು ಎಲ್ಲರಿಗೂ ಗೊತ್ತಿತ್ತು. ರೇಷನ್ ಕಾರ್ಡಿನಲ್ಲೂ ಅಷ್ಟೇ ಇತ್ತು. ಸಿಂದಗಿ ಕಡೆಯಿಂದ ಹದಿನಾಲ್ಕರ ಹುಡುಗಿಯನ್ನು ಮದುವೆ ಮಾಡಿ ತಂದಿದ್ದರು. ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ಹೋದ. ಅದೇ ಮಳೆಗಾಲ ಹೊಳೆ ಬಂದು ಹೊಳೆದಂಡೆಯ ಓಣಿ ಓಣಿಯೇ ಕುಸಿಯಿತು. ಅತ್ತೆಮಾವ ಸೊಲ್ಲಾಪುರದ ಗಿರಣಿಗೆ ಹೋದವರು ತಿರುಗಿ ಬರಲಿಲ್ಲ. ಹುಡುಗಿ ಗೌಡರ ಮನೆಯಲ್ಲಿ ಉಳಿದಳು. ಇಷ್ಟೆಲ್ಲ ನೆನಪಿದ್ದವರಿಗೆ ಆ ಮನೆಯ ಅಡ್ಡಹೆಸರು ಮಾತ್ರ ನೆನಪಿರಲಿಲ್ಲ. ಒಬ್ಬ ಮುದುಕರು "ಕೊಪ್ಪದ" ಎಂದರು. ಇನ್ನೊಬ್ಬರು "ಛೇ, ಹಳ್ಳೂರ" ಎಂದರು. ಇಬ್ಬರೂ ಜಗಳಕ್ಕೆ ನಿಂತರು. ಗೌಡರ ಮನೆಗೆ ಫೋನು ಹಚ್ಚೋಣವೆಂದರೆ ಹಿರಿಯ ಗೌಡರು ತೀರಿಹೋಗಿದ್ದರು, ಮಕ್ಕಳಿಗೆ ಗುರವ್ವನ ರೊಟ್ಟಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ಬೀಗರಲ್ಲಿ ಒಬ್ಬ ಹಿರಿಯರು, "ನಮ್ಮ ಝಳಕ್ಯಾಗ ಮೊದಲು ಊಟಾ ಮಾಡಿಸಿ ಆಮ್ಯಾಲ ಹೆಸರ ಹುಡುಕ್ತಾರ್ರಿ" ಎಂದರು. ಅನೀಲ ನನ್ನತ್ತ ನೋಡಿ ಮೆಲ್ಲಗೆ, "ಮೈಕ್ ಅಂದಿದ್ನಿಲ್ರಿ ಅಕ್ಕಾರ?" ಎಂದ. ನನಗೆ ಅವನ ಕಿವಿ ಹಿಂಡಬೇಕೆನಿಸಿತು.

ಚನ್ನಬಸಯ್ಯನವರು ಯಾರ ಮಾತಿಗೂ ಕಿವಿಗೊಡದೆ ಚಪ್ಪರದ ಆಚೆಗೆ, ಸಾಲೆಯ ಬಯಲಿಗೆ ನಡೆದರು. ನಾನು ಕೊಡೆ ಹಿಡಿದು ಓಡಿದೆ. ಬಯಲಿನ ತುದಿಯಲ್ಲಿ ನಿಂತು "ಇದು ಅಗಸಿ" ಎಂದರು. ಅಲ್ಲಿಂದ ಶುರು. ಈ ಸಲ ನಡೆದದ್ದು ನಾನು ಕಂಡ ಹಳೆಯ ಊರಲ್ಲ, ಅದಕ್ಕೂ ಹಿಂದಿನದು, ಅವರು ತಂದೆಯ ಬೆನ್ನಿಗೆ ನಡೆಯುತ್ತಿದ್ದ ಊರು. ಹಣಮಂತದೇವರ ಗುಡಿಯ ಹಿಂದೆ ಬಲಕ್ಕೆ ಇಳಿದರು. ಇಳಿಜಾರಿನಲ್ಲಿ ಜಾರದಂತೆ ಬೆರಳೂರಿ ನಡೆದರು. ಬಯಲು ಮಾತ್ರ ಸಪಾಟಾಗಿತ್ತು. ಹೊಳೆದಂಡೆಯ ಓಣಿಗೆ ಬಂದು ಒಂದೊಂದೇ ಬಾಗಿಲಿಗೆ ನಿಂತು ಕೂಗಿದರು. ಮೊದಲನೆಯ ಮನೆ ಬಂತು. ಎರಡನೆಯದು, ಮೂರನೆಯದೂ ಬಂದವು. ನಾಲ್ಕನೆಯ ಮನೆಯ ಮುಂದೆ ಬಾಯಿ ತೆರೆದು ನಿಂತರು. ಏನೂ ಬರಲಿಲ್ಲ.

ಮತ್ತೆ ಅಗಸಿಗೆ ಹೋದರು. ಮತ್ತೆ ಮೂರು ಮನೆ, ನಾಲ್ಕನೆಯದಕ್ಕೆ ಮೌನ. ಬೆವರು ಎದೆಯ ಮೇಲೆ ಹರಿಯುತ್ತಿತ್ತು. ಚಪ್ಪರದ ಮಂದಿಯೆಲ್ಲ ಎಲೆ ಬಿಟ್ಟು ಎದ್ದು ಬಂದು ಬಯಲಿನ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ಮದುಮಗನೂ ಬಾಸಿಂಗ ಕಟ್ಟಿಕೊಂಡೇ ಬಂದಿದ್ದ. "ಸಾಕ್ರಿ ಅಯ್ಯಾರ, ತ್ರಾಸ ಆದೀತು" ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ.

ಮೂರನೆಯ ಸಲ ಮೂರನೆಯ ಮನೆ ದಾಟಿ ನಾಲ್ಕನೆಯದಕ್ಕೆ ಹೊರಟವರ ಎಡಗಾಲು ಗಕ್ಕನೆ ನಿಂತಿತು. ಬಾಗಿಲಿಗೆ ಇನ್ನೂ ಹತ್ತು ಹೆಜ್ಜೆ ಇತ್ತು. ಮೀನಖಂಡವನ್ನು ಕೈಯಿಂದ ಉಜ್ಜಿಕೊಂಡರು. ಆಮೇಲೆ ಅವರ ಮುಖ ಅರಳಿತು. "ನಾಯಿ!" ಎಂದರು. "ಆ ಮನ್ಯಾಗ ಕಚ್ಚೂ ನಾಯಿ ಇತ್ರಿ ಅಕ್ಕಾರ! ನಾವು ಬಾಗಿಲ ತನಕಾ ಎಲ್ಲಿ ಹೋಗ್ತಿದ್ವಿ? ಇಲ್ಲೇ ನಿಂತು ಒದರ್ತಿದ್ವಿ. ಓಣ್ಯಾಗ ಎಲ್ಲಾಕಿಂತ ದೊಡ್ಡ ದನಿ ಇಲ್ಲೇ!" ಎಂದವರೇ ಎದೆ ತುಂಬ ಉಸಿರು ತೆಗೆದುಕೊಂಡು ಹತ್ತು ಹೆಜ್ಜೆ ದೂರದ ಗಾಳಿಗೆ ಕೂಗಿದರು:

"ತುಂಬಗಿಯವರ ಮನಿಯವರೂ!"

ಕೂಗಿ ಮುಗಿಸಿ ತಾವೇ ಬೆಚ್ಚಿದರು. ತಂದೆಯ ದನಿಯೇ ಬಾಯಿಂದ ಬಂದಂತಾಯಿತು ಎಂದು ಆಮೇಲೆ ಹೇಳಿದರು. ಅಂಚಿನಲ್ಲಿ ನಿಂತಿದ್ದ ಜಗಳದ ಮುದುಕರಿಬ್ಬರೂ ಒಟ್ಟಿಗೆ "ಹೌದೌದು, ತುಂಬಗಿ, ನಾ ಅದ ಅಂದಿದ್ನಿ" ಎಂದರು.

ಇಡೀ ಮದುವೆ ಗುರವ್ವನ ಮನೆಗೆ ಹೊರಟಿತು. ಚನ್ನಬಸಯ್ಯನವರು ಮುಂದೆ, ನಾವು ಹಿಂದೆ, ವಾಲಗದವರು ನಮ್ಮ ಹಿಂದೆ. ಮನೆಗೆ ಹತ್ತು ಹೆಜ್ಜೆ ಇರುವಾಗಲೇ ಅಯ್ಯನವರು ನಿಂತರು. ಜೋಳಿಗೆ ಸರಿಮಾಡಿಕೊಂಡು ಕೂಗಿದರು: "ತುಂಬಗಿಯವರ ಮನಿಯವರೂ! ಗುರಲಿಂಗಪ್ಪಾವ್ರ ಮಗಳ ಮದುವಿ ಐತಿ. ಮನಿಮಂದಿಯೆಲ್ಲಾ ಊಟಕ್ಕ ಬರಬೇಕ್ರೀ!"

ಬಾಗಿಲು ತೆರೆಯಲಿಲ್ಲ. ಹೆಸರು ತಪ್ಪಾಯಿತೇ ಎಂದುಕೊಂಡೆ.

"ಇನ್ನೊಮ್ಮೆ ಹೇಳು," ಎಂದು ಒಳಗಿನಿಂದ ದನಿ ಬಂತು. ಹೇಳಿದರು. "ಇನ್ನೊಮ್ಮೆ." ಮತ್ತೆ ಹೇಳಿದರು. ಆಗ ಬಾಗಿಲು ತೆರೆಯಿತು. ಗುರವ್ವ ಮೊರದ ತುಂಬ ಜೋಳ ಹಿಡಿದು ಬಂದಳು. ಬೊಗಸೆ ಜೋಳ ಹಾಕುವ ಜಾಗದಲ್ಲಿ ಇಡೀ ಮೊರವನ್ನೇ ಜೋಳಿಗೆಗೆ ಸುರಿದಳು. ಭಾರಕ್ಕೆ ಅಯ್ಯನವರು ಒಂದು ಕಡೆ ವಾಲಿದರು, ಎಲ್ಲರೂ ನಕ್ಕರು, ವಾಲಗದವರು ಯಾರೂ ಹೇಳದೆಯೇ ಬಾರಿಸತೊಡಗಿದರು. ಗುರಲಿಂಗಪ್ಪನವರು ಮತ್ತೆ ಕೇಳಿದರು. ಚನ್ನಬಸಯ್ಯನವರು "ಬಂದಾವ್ರೀ!" ಎಂದ ದನಿ ನಿಡಗುಂದಿಗೂ ಕೇಳಿಸಿರಬೇಕು. ಹುಗ್ಗಿಗೆ ತುಪ್ಪ ಬಡಿಸುತ್ತ ಅನೀಲನೇ ಬಂದು, "ಅಯ್ಯಾರ, ನನ್ನ ಮದುವಿಗೂ ನೀವ ಹೇಳಬೇಕ್ರಿ" ಎಂದ. ಮೈಕಿನ ಮಾತು ಅಲ್ಲಿಗೆ ಮುಗಿಯಿತು.

ಊಟವಾದ ಮೇಲೆ ನಾನು ಕೈ ತೊಳೆಯುವಲ್ಲಿ ಗುರವ್ವ ಪಕ್ಕಕ್ಕೆ ಬಂದು ನಿಂತಳು. ನಾನು ಸ್ವಲ್ಪ ಬಿಗಿಯಾಗಿಯೇ, "ಏನ ಹಟಾ ಗುರವ್ವ ನಿಂದು! ಆ ಬಿಸಿಲಾಗ ಅವರನ್ನ ಮೂರು ಸಲ ತಿರುಗಿಸಿದಿ. ಹೆಸರು ನೀನ ಹೇಳಿದ್ರ ಏನಾಗತಿತ್ತು?" ಎಂದೆ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹಟಾ ಅಲ್ರಿ ಅಕ್ಕಾರ," ಎಂದಳು. "ನನಗ ಗೊತ್ತಿದ್ದಿಲ್ಲ."

ನಾನು ನೀರಿನ ತಂಬಿಗೆ ಕೆಳಗಿಟ್ಟೆ.

"ಒಂದು ವರ್ಷ ಇದ್ನಿ ಆ ಮನ್ಯಾಗ. ಸಣ್ಣಾಕಿ. ಆ ನಾಯಿ ಹೆಸರು ನೆನಪೈತ್ರಿ, ಮೋತ್ಯಾ ಅಂತ. ರೊಟ್ಟಿ ತುದಿ ನನ್ನ ಕೈಯಿಂದನ ತಿಂತಿತ್ತು. ಅತ್ತಿ ಕೆಮ್ಮೂ ಸಪ್ಪಳ ನೆನಪೈತಿ. ಮನಿ ಹೆಸರು ಮಾತ್ರ ಹೋಗಿಬಿಟ್ಟಿತ್ರಿ. ಯಾರನ್ನ ಕೇಳಲಿ? ಗಂಡನ ಮನಿ ಹೆಸರು ಮರತಾಕಿ ಅಂತ ನಗ್ತಾರ. ಹೊಸಾ ಮನಿಗೆ ಬಂದಾಗಿಂದ ದಿನಾ ನೆಲಾ ಸಾರಸ್ತ ಹುಡುಕೇನಿ, ಸಿಗಲಿಲ್ಲ. ನಿನ್ನೆ ಅಯ್ಯ ಬಂದು ಬಾಗಿಲಾಗ ನಿಂತಾಗ, ಈಗ ಅಂತಾನ, ಅಂವಗ ಗೊತ್ತಿರತೈತಿ ಅಂತ ಉಸುರು ಹಿಡದು ಕುಂತಿದ್ನಿ. ಅಂವಾ ಗೌಡರ ಮನಿ ಅಂದು ಹೋದ." ಅವಳ ಮುಖ ನಗುತ್ತಿತ್ತು. "ಯಾರಿಗೂ ಹೇಳಬ್ಯಾಡ್ರಿ ಮತ್ತ."

ನಾನು ಹೇಳಲಿಲ್ಲ, ಚನ್ನಬಸಯ್ಯನವರಿಗೂ ಹೇಳಲಿಲ್ಲ. ಅವರು ಆಮೇಲೆ ಹತ್ತು ವರ್ಷ ಜೋಳಿಗೆ ಹೊತ್ತರು. ಕಟ್ಟೆಗೆ ಹೊಸಬರು ಯಾರು ಬಂದರೂ ಈ ಕಥೆ ಹೇಳುವರು. ಮದುಮಗಳ ಹೆಸರು ತಪ್ಪು ಹೇಳುವರು, ಇಸವಿ ತಪ್ಪು ಹೇಳುವರು, ನಾಯಿಯನ್ನು ಒಂದೊಂದು ಸಲ ಎರಡು ಮಾಡುವರು. ಕೊನೆಗೆ, "ಗುರವ್ವ ಊರ ಮುಂದ ನನ್ನ ಪರೀಕ್ಷಾ ಮಾಡಿದ್ಲು ನೋಡ್ರಿ. ಹೆಸರು ಬಾಯಾಗ ಇಟ್ಟುಕೊಂಡು ಸುಮ್ಮನ ಕುಂತಿದ್ಲು!" ಎಂದು ತೊಡೆ ತಟ್ಟಿ ನಗುವರು.

ಅಲ್ಲೇ ಎಲ್ಲಾದರೂ ಶೇಂಗಾ ಸುಲಿಯುತ್ತ ಗುರವ್ವ ಕೂತಿದ್ದರೆ ಒಮ್ಮೆ ನನ್ನ ಕಡೆ ನೋಡುವಳು. ಆಮೇಲೆ ಅಯ್ಯನವರ ಕಡೆ ತಿರುಗಿ, "ಹೌದಪ್ಪಾ, ಪರೀಕ್ಷಾನ ಮಾಡಿದ್ನಿ. ನೀ ಪಾಸಾದಿ," ಎನ್ನುವಳು.